ಮೆಕ್ಯಾನಿಕಲ್ಲಿನ ಹಿಂದೆ ಯಾರಿದ್ದಾರೆ?

"ನಾನು ಮೆಕ್ಯಾನಿಕಲ್ ತಗೋತೀನಿ" ಎಂದು ಮಗಳು ಹೇಳಿದಾಗ ಸರ್ವೇಯರಿಗೆ ಸಿಟ್ಟು ಬರಲಿಲ್ಲ, ಅನುಮಾನ ಬಂತು. ಸಿಟ್ಟು ಅವರ ಪಾಲಿಗೆ ಅಪರೂಪದ ಅತಿಥಿ. ಅನುಮಾನ ಮಾತ್ರ ಮನೆಯ ಕಾಯಂ ಸದಸ್ಯ.

ಕಸುಬೇ ಅಂಥದ್ದು. ವಿಮಾ ಕಂಪನಿಗಾಗಿ ನಷ್ಟ ಪರಿಶೀಲಿಸುವುದು ಅವರ ಕೆಲಸ. ಸುಟ್ಟ ಅಂಗಡಿ, ಜಜ್ಜಿದ ವಾಹನ, ಕುಸಿದ ಗೋಡೆಗಳ ಮುಂದೆ ನಿಂತು "ಇದು ತಾನಾಗಿ ಆಗಿದ್ದೋ, ನೀವಾಗಿ ಮಾಡಿದ್ದೋ?" ಎಂದು ಕೇಳಿ ಕೇಳಿ, ಮನೆಯಲ್ಲಿ ಹಾಲು ಉಕ್ಕಿದರೂ ಬಾಯಿಂದ ಅದೇ ಪ್ರಶ್ನೆ ಹೊರಡುತ್ತಿತ್ತು. (ಹಾಲು ಈವರೆಗೆ ಉತ್ತರಿಸಿಲ್ಲ. ಹೆಂಡತಿ ಉತ್ತರಿಸಿದ್ದಾಳೆ, ಅದನ್ನು ಇಲ್ಲಿ ಬರೆಯುವಂತಿಲ್ಲ.)

ಇಂಜಿನಿಯರಿಂಗ್ ಶಾಖೆಗಳ ಬಗ್ಗೆ ಅವರಿಗಿದ್ದ ಅಗಾಧ ಜ್ಞಾನವೂ ಹೀಗೆ ಅವಶೇಷಗಳಿಂದ ಹೆಕ್ಕಿ ತೆಗೆದದ್ದೇ. ಎಲೆಕ್ಟ್ರಿಕಲ್ ಎಂದರೆ ಶಾರ್ಟ್ ಸರ್ಕ್ಯೂಟು. ಕೆಮಿಕಲ್ ಎಂದರೆ ಗೋದಾಮಿನ ಚಾವಣಿ ಪಕ್ಕದ ಬೀದಿಯಲ್ಲಿ ಸಿಗುವುದು. ಸಿವಿಲ್ ಎಂದರೆ ಉದ್ಘಾಟನೆಗೆ ಬಂದವರೇ ಎದ್ದುಬಿದ್ದು ಓಡಬೇಕಾದ ಕಟ್ಟಡ. ಇರುವುದರಲ್ಲಿ ಕಂಪ್ಯೂಟರೇ ವಾಸಿ. ಕೈಕೊಟ್ಟರೂ ಯಾರ ತಲೆಯ ಮೇಲೂ ಬೀಳುವುದಿಲ್ಲ. ಮಗಳೂ "ಹ್ಞೂಂ ಅಪ್ಪ, ಕಂಪ್ಯೂಟರ್" ಎಂದೇ ತಲೆಯಾಡಿಸುತ್ತಿದ್ದಳು. ಇವರು ಯಾವುದೋ ಕಾರ್ಖಾನೆಯ ಬೆಂಕಿ ನೋಡಲು ಕಂಪನಿಯ ಜೀಪಿನಲ್ಲಿ ಪರ ಊರಿಗೆ ಹೋಗಿ ಬರುವಷ್ಟರಲ್ಲಿ ಕಂಪ್ಯೂಟರ್ ಹೋಗಿ ಮೆಕ್ಯಾನಿಕಲ್ ಬಂದು ಕೂತಿತ್ತು.

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲಪ್ಪ. ನಂಗೇ ಇಷ್ಟ ಆಯ್ತು."

"ಇದ್ದಕ್ಕಿದ್ದ ಹಾಗೆ?"

"ಇಂಜಿನ್ ಬಿಚ್ಚಿದಾಗ ಒಳಗೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ?"

"ನೀನ್ಯಾವಾಗ ನೋಡಿದೆ ಅದನ್ನ?"

ಮಗಳು ಥಟ್ಟನೆ ಎದ್ದು ತಟ್ಟೆ ತೊಳೆಯಲು ಹೋದಳು. ಯಾರೂ ಹೇಳದೆ, ತಾನಾಗಿಯೇ! ಸರ್ವೇಯರ ಕಿವಿ ನೆಟ್ಟಗಾಯಿತು.

ಹೆಂಡತಿಯ ಕಡೆ ತಿರುಗಿದರು. ಇವರು ಬಿಳಿ ಎಂದರೆ ಕರಿ ಎನ್ನುವುದನ್ನು ವ್ರತದಂತೆ ಪಾಲಿಸಿಕೊಂಡು ಬಂದ ಆಕೆ, "ಅವಳಿಷ್ಟ, ಓದ್ಲಿ ಬಿಡಿ. ಇನ್ನೊಂದು ಸ್ವಲ್ಪ ಕಾಫಿ ಹಾಕ್ಲಾ?" ಎಂದಳು. ಇಷ್ಟು ವರ್ಷಗಳ ದಾಂಪತ್ಯದಲ್ಲಿ ಕೇಳದೆ ಬಂದ ಎರಡನೇ ಲೋಟ ಕಾಫಿ! ಸರ್ವೇಯರು ಮೂಸಿ ನೋಡಿಯೇ ಕುಡಿದರು.

ಅಂದಿನಿಂದ ಗೃಹಾಂತರ್ಗತ ತನಿಖೆ ಶುರುವಾಯಿತು. ಮಗಳು ದಿನಾ ಸಂಜೆ "ಗೆಳತಿ ಮನೆಗೆ" ಹೋಗುತ್ತಿದ್ದಳು. ಬರುವಾಗ ಉಗುರು ಕಪ್ಪಗಿರುತ್ತಿತ್ತು.

"ಏನದು ಉಗುರಲ್ಲಿ?"

"ಕಾಡಿಗೆ."

"ಉಗುರಿಗೆ ಯಾರಮ್ಮ ಕಾಡಿಗೆ ಹಚ್ತಾರೆ?"

"ಕಣ್ಣಿಗೆ ಹಚ್ಕೊಂಡಾಗ ಮೆತ್ಕೊಂಡಿದ್ದು."

ಕಣ್ಣಲ್ಲಿ ಕಾಡಿಗೆಯ ಸುಳಿವೇ ಇರಲಿಲ್ಲ. ಸರ್ವೇಯರು ರಾತ್ರಿಯೆಲ್ಲ ಹೊರಳಾಡಿ ತೀರ್ಮಾನಕ್ಕೆ ಬಂದರು: ಈ ಮೆಕ್ಯಾನಿಕಲ್ಲಿನ ಹಿಂದೆ ಒಬ್ಬ ಮೆಕ್ಯಾನಿಕ್ ಇದ್ದಾನೆ! ವಯಸ್ಸು ಇಪ್ಪತ್ತೆರಡು, ಗುಂಗುರು ಕೂದಲು, ಸಿಳ್ಳೆ ಹಾಕುವ ಚಾಳಿ. (ಇಷ್ಟನ್ನೂ ಬರೀ ಉಗುರಿನಿಂದ ಕಂಡುಹಿಡಿದರು. ಅನುಭವ ಅಂದರೆ ಸುಮ್ಮನೆಯೇ?)

ಮರುದಿನ ಸಂಜೆ ಕಾರನ್ನು ಮನೆಯಲ್ಲೇ ಬಿಟ್ಟು, ಟೋಪಿ ಹಾಕಿಕೊಂಡು ಮಗಳ ಹಿಂದೆ ಹೊರಟರು. ಅವಳು ಎರಡು ಬೀದಿ ದಾಟಿ, ಟಯರುಗಳ ರಾಶಿಯ ಪಕ್ಕದ ಒಂದು ಗ್ಯಾರೇಜಿನೊಳಗೆ ಸಲೀಸಾಗಿ ನುಗ್ಗಿಬಿಟ್ಟಳು. ಇವರು ಟಯರುಗಳ ಹಿಂದೆ ಅವಿತು ಇಣುಕಿದರು. ಒಂದು ವ್ಯಾನಿನ ಕೆಳಗಿನಿಂದ ಎರಡು ಜೊತೆ ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಒಂದು ಜೊತೆಯಲ್ಲಿ ಮಗಳ ನೀಲಿ ಚಪ್ಪಲಿ. ಇನ್ನೊಂದರಲ್ಲಿ ದಪ್ಪನೆಯ ಗಂಡಸರ ಬೂಟು! ಒಳಗಿನಿಂದ ಕಿಲಕಿಲ ನಗು ಬೇರೆ.

"ಸಿಕ್ಕಿಬಿದ್ದೆ! ಬಾರಯ್ಯಾ ಹೊರಗೆ!"

ಬೂಟಿನ ಕಾಲುಗಳು ಸರಸರ ಹೊರಬಂದವು. ಹಿಂದೆಯೇ ಮಸಿ ಹಿಡಿದ ಮೇಲಂಗಿ, ಅದರ ಹಿಂದೆ ನರೆತ ತುರುಬು. ಅಜ್ಜಿಯಾಗುವ ವಯಸ್ಸಿನ ಹೆಂಗಸೊಬ್ಬಳು ಎದ್ದು ಕೂತು, ಸ್ಪ್ಯಾನರ್ ಹಿಡಿದೇ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರ್ರೀ ನೀವು?"

"ಅಪ್ಪ!" ಎಂದಳು ಮಗಳು, ವ್ಯಾನಿನ ಕೆಳಗಿನಿಂದಲೇ.

ಗ್ಯಾರೇಜಿನ ಒಡತಿಯ ಮುಖ ಅರಳಿತು. "ಓ, ನೀವೇನಾ! ಬನ್ನಿ ಸಾರ್. ಬಣ್ಣ ಸರಿಹೊಂದಿತಾ? ಡಿಕ್ಕಿ ಬಾಗಿಲು ಒಂಚೂರು ತಿಳಿಯಾಯ್ತೇನೋ ಅಂತ ನಂಗೆ ಒಳಗೊಳಗೇ ಅಳುಕು. ನೀವು ಬೇರೆ ದೊಡ್ಡ ಸರ್ವೇಯರಂತೆ!"

"ಯಾವ ಡಿಕ್ಕಿ?"

ಒಡತಿ ಮಗಳನ್ನು ನೋಡಿದಳು. ಮಗಳು ವ್ಯಾನಿನ ಕೆಳಗೆ ಇನ್ನಷ್ಟು ಒಳಕ್ಕೆ ಸರಿಯಲು ನೋಡಿದಳು. ಸರ್ವೇಯರು ಚಪ್ಪಲಿ ಹಿಡಿದು ಎಳೆದರು.

"ನೀವು ಊರಲ್ಲಿ ಇಲ್ದಾಗ ಅಮ್ಮ ಕಾರು ರಿವರ್ಸ್ ತಗೊಂಡ್ಲು. ಗೇಟಿನ ಕಂಬ ಅಲ್ಲೇ ಇತ್ತು. ಡಿಕ್ಕಿಗೇ ಡಿಕ್ಕಿ ಆಯ್ತು. ಹಿಂದಿನ ಬಾಗಿಲು, ಬಂಪರು, ದೀಪ, ಎಲ್ಲಾ ಹೊಸದಪ್ಪ. ರಿಪೇರಿ ಆಗೋವರೆಗೂ ನಾನಿಲ್ಲೇ ಕೂತು ನೋಡ್ತಿದ್ದೆ. ಇಷ್ಟ ಆಗೋಯ್ತು."

ಸರ್ವೇಯರು ಟೋಪಿ ತೆಗೆದರು. ಊರಿಗೆ ಬಂದಾಗಿನಿಂದ ಅದೇ ಕಾರಿನಲ್ಲಿ ಓಡಾಡಿದ್ದರು. ಅದೇ ಕಾರಿನಲ್ಲಿ ಹೋಗಿ, ಬಂಪರು ಬದಲಾಯಿಸಿದ್ದನ್ನು ಮುಚ್ಚಿಟ್ಟ ಒಬ್ಬ ವ್ಯಾಪಾರಿಯ ಬೆವರಿಳಿಸಿ ಬಂದಿದ್ದರು!

ಮನೆಗೆ ಬಂದು ಗುಡುಗಿದರು. ಹೆಂಡತಿ ಸಾವಧಾನವಾಗಿ ಬಟ್ಟೆ ಮಡಿಸುತ್ತ, "ನೋಡಿದ ತಕ್ಷಣ ಕಂಡುಹಿಡೀತೀರಿ ಅಂತ ಹೆದರಿ ಮೊದಮೊದಲು ನಿದ್ದೇನೇ ಬರ್ಲಿಲ್ಲ ಕಣ್ರೀ. ಆಮೇಲೆ ಚೆನ್ನಾಗಿ ಬಂತು" ಎಂದಳು.

ಆ "ಆಮೇಲೆ" ಎನ್ನುವ ಮಾತು ಸರ್ವೇಯರ ಎದೆಗೆ ನಾಟಿತು. "ನಾನು ನೋಡಿರ್ಲಿಲ್ಲ, ಅಷ್ಟೇ! ನೋಡಿದ್ರೆ ನನ್ನ ಕಣ್ಣು ತಪ್ಪೋ ಮಾತೇ ಇಲ್ಲ. ನಾಳೆ ನೋಡಿ. ಅಲ್ಲಿವರೆಗೂ ಮೆಕ್ಯಾನಿಕಲ್ ಮಾತೆತ್ತಬೇಡಿ!"

ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು, ಭೂತಗನ್ನಡಿ, ಟಾರ್ಚು ಹಿಡಿದು ಕೆಳಗೆ ಎಲ್ಲರೂ ಕಾರು ನಿಲ್ಲಿಸುವ ಅಂಗಳಕ್ಕಿಳಿದರು. ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದರು, ಮಂಡಿಯೂರಿದರು, ನೆಲಕ್ಕೆ ಕೆನ್ನೆ ಹಚ್ಚಿದರು. ಕೊನೆಗೆ ಎಡಬಾಗಿಲ ಕೆಳಗೆ ಉದ್ದನೆಯ ಒಂದು ಗೀರು ಸಿಕ್ಕಿತು! ಸರ್ವೇಯರು ಕುಣಿದಾಡುವುದೊಂದು ಬಾಕಿ. ತಾಯಿ ಮಗಳಿಬ್ಬರನ್ನೂ ಕೂಗಿ ಕರೆದರು.

"ಇದನ್ನೂ ಮುಚ್ಚಿಟ್ಟಿದ್ರಲ್ಲ! ಇದು ತಾನಾಗಿ ಆಗಿದ್ದೋ, ನೀವಾಗಿ ಮಾಡಿದ್ದೋ? ಈಗ ಹೇಳಿ!"

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳು ಬಗ್ಗಿ ಗೀರನ್ನು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು.

"ಅಪ್ಪ, ನಮ್ಮ ಕಾರು ಅಲ್ಲಿದೆ. ಆ ಕಂಬದ ಪಕ್ಕ."

ಮೆಟ್ಟಿಲ ಮೇಲೆ, ಕೈಯಲ್ಲಿ ಬೀಗದ ಕೈ ಹಿಡಿದು ಎಷ್ಟು ಹೊತ್ತಿನಿಂದಲೋ ನಿಂತಿದ್ದ ಪಕ್ಕದ ಮನೆಯವರು ವಿನಯದಿಂದ ಕೆಮ್ಮಿದರು. "ಚೆನ್ನಾಗಿ ನೋಡಿದ್ರಿ ಸಾರ್. ನಮ್ಮ ಈ ಗೀರಿಗೆ ಕ್ಲೇಮ್ ಸಿಗುತ್ತಾ?"

ಸರ್ವೇಯರು ಟಾರ್ಚ್ ಆರಿಸಿ, ಮಂಡಿಯ ಧೂಳು ಕೊಡವಿಕೊಂಡರು.

"ಮೆಕ್ಯಾನಿಕಲ್ಲೇ ತಗೊಳಮ್ಮ" ಎಂದರು ಮಗಳಿಗೆ. "ಮನೇಲಿ ಒಬ್ಬರಿಗಾದ್ರೂ ಕಾರಿನ ಗುರುತು ಸಿಗ್ಲಿ."