ರಿಸ್ಕ್ ಸಾಹೇಬರ ಆನ್‌ಲೈನ್ ಪರೀಕ್ಷೆ

"ಈ ಸಲ ಸರ್ಟಿಫಿಕೇಟ್ ಬರದಿದ್ರೆ ನನ್ನ ಹೆಸರು ಬದಲಾಯಿಸಿ" ಎಂದು ಸಾಹೇಬರು ಆಫೀಸಿನಲ್ಲಿ ಎಲ್ಲರೆದುರು ಘೋಷಿಸಿಬಿಟ್ಟರು. ಆಫೀಸು ಆ ಕೆಲಸವನ್ನು ಆಗಲೇ ಮಾಡಿ ಮುಗಿಸಿತ್ತು ಎಂಬುದು ಬೇರೆ ಮಾತು. ಕಂಪನಿಯ ಮಾಹಿತಿ ಭದ್ರತೆಯ ಮುಖ್ಯಸ್ಥರಾದ ಅವರು ಕಂಡಕಂಡದ್ದಕ್ಕೆಲ್ಲ "ಇದರಲ್ಲಿ ರಿಸ್ಕ್ ಇದೆ" ಎನ್ನುತ್ತಿದ್ದುದರಿಂದ ರಿಸ್ಕ್ ಸಾಹೇಬರಾಗಿದ್ದರು. ಅಂಥವರೇ ಐಟಿ ಅಪಾಯ ನಿರ್ವಹಣೆಯ ಪರೀಕ್ಷೆಯಲ್ಲಿ ಎರಡು ಸಲ ಮುಗ್ಗರಿಸಿದ್ದರು. ಮೂರನೆಯ ಸಲವೂ ಹಾಗಾದರೆ ಕುರ್ಚಿ ಬೇರೆಯವರದೆಂದು ಮ್ಯಾನೇಜರು ನಯವಾಗಿಯೇ ತಿಳಿಸಿದ್ದರು.

ಪರೀಕ್ಷೆ ಮನೆಯಲ್ಲೇ, ಕಂಪ್ಯೂಟರಿನ ಮುಂದೆ. ದೂರದ ಊರಿನಿಂದ ಮೇಲ್ವಿಚಾರಕಿಯೊಬ್ಬಳು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾಳೆ. ಕೋಣೆಗೆ ನರಪಿಳ್ಳೆಯೂ ಬರುವಂತಿಲ್ಲ, ಫೋನು ಇರುವಂತಿಲ್ಲ. ಸಾಹೇಬರು ಹೆಂಡತಿಯನ್ನೂ ಅತ್ತೆಯನ್ನೂ ಪೇಟೆಗೆ ಹೊರಡಿಸಿ, ಫೋನನ್ನೂ ಕೋಣೆಯ ಕೀಲಿಯನ್ನೂ ಹೆಂಡತಿಯ ಕೈಗಿತ್ತರು.

"ಹೊರಗಡೆಯಿಂದ ಬೀಗ ಹಾಕಿಸ್ಕೊಂಡು ಕೂರೋದು ಯಾವ ಸೆಕ್ಯುರಿಟಿ ರೀ?"

"ಒಳಗೆ ಯಾರೂ ಬರಬಾರದು."

"ನೀವು ಹೊರಗೆ ಬರ್ಬೇಕಾದ್ರೆ?"

"ನಾನ್ಯಾಕೆ ಬರ್ಲಿ?"

ಹೆಂಡತಿ ಬೀಗ ತಿರುಗಿಸಿ ಹೊರಟಳು. ಟೀ ಕುಡಿದು ಕೂರೋಣವೆಂದು ತಾವೇ ಒಲೆಯ ಮೇಲೆ ಹಾಲಿಟ್ಟದ್ದನ್ನು ಸಾಹೇಬರು ಮರೆತೇಬಿಟ್ಟಿದ್ದರು.

ಇಪ್ಪತ್ತನೆಯ ಪ್ರಶ್ನೆ: ಕಚೇರಿಗೆ ಬೆಂಕಿ ಬಿದ್ದರೆ ಮೊದಲ ಆದ್ಯತೆ ಯಾವುದಕ್ಕೆ? 'ಜನರ ಪ್ರಾಣಕ್ಕೆ' ಎಂದು ಗುರುತು ಹಾಕಿ, ಇಷ್ಟು ಸುಲಭದ್ದನ್ನೂ ಕೇಳುತ್ತಾರಲ್ಲ ಎಂದು ಒಳಗೊಳಗೇ ನಕ್ಕರು. ಆಗ ಸ್ಪೀಕರು ಮಾತಾಡಿತು.

"ಸರ್, ನಿಮ್ಮ ಹಿಂದೆ ಹೊಗೆ ಕಾಣಿಸ್ತಿದೆ."

"ಮೇಡಂ, ಪರೀಕ್ಷೆ ನಡೀವಾಗ ಮಾತಾಡೋ ಹಾಗಿಲ್ಲ ಅಂತ ನೀವೇ ಹೇಳಿದ್ರಿ."

"ಬಾಗಿಲ ಸಂದಿಯಿಂದ ಬರ್ತಿದೆ ಸರ್. ಮೊದಲು ಹೊರಗೆ ಹೋಗಿ."

ಸಾಹೇಬರು ತಿರುಗಿ ನೋಡಿದರು. ಬಾಗಿಲು ಗುದ್ದಿದರು, ಕಿಟಕಿ ತೆರೆದರು. ಕಿಟಕಿಯಾಚೆ ಪಕ್ಕದ ಕಟ್ಟಡದ ಬೋಳು ಗೋಡೆ. ಕೂಗಿದರೆ ತಮ್ಮ ದನಿಯೇ ವಾಪಸು ಬಂತು.

"ಮನೆಯವರ ನಂಬರ್ ಹೇಳಿ, ನಾನು ಫೋನ್ ಮಾಡ್ತೀನಿ" ಎಂದಳು ಮೇಲ್ವಿಚಾರಕಿ.

ಹದಿನಾಲ್ಕು ಅಕ್ಷರದ ಇಪ್ಪತ್ತು ಪಾಸ್‌ವರ್ಡುಗಳು ನಾಲಿಗೆಯ ತುದಿಯಲ್ಲಿದ್ದವು. ಹೆಂಡತಿಯ ನಂಬರ್ ಮಾತ್ರ ಬರಲೊಲ್ಲದು. ನೆನಪಿದ್ದದ್ದು ಒಂದೇ, ಆಫೀಸಿನ ಸಹಾಯವಾಣಿ. ಹೆಂಡತಿಯ ನಂಬರ್ ಅಲ್ಲಿನ ದಾಖಲೆಯಲ್ಲಿತ್ತು; ಆಕೆ ಅದಕ್ಕೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಗಾಬರಿ ಮಾಡಿ ನಂಬರ್ ಕೇಳಿದ್ರೆ ಅದು ಮೋಸ ಅಂತ ನಮ್ಮ ಸಾಹೇಬ್ರು ಹೇಳ್ಕೊಟ್ಟಿದಾರೆ" ಎಂದಳು ಸಹಾಯವಾಣಿಯ ಹುಡುಗಿ.

"ಆ ಸಾಹೇಬ ನಾನೇ ಕಣಮ್ಮ."

"ಮೋಸಗಾರರು ಹಾಗೇ ಹೇಳ್ತಾರೆ ಅಂತಾನೂ ಹೇಳ್ಕೊಟ್ಟಿದಾರೆ. ಗುಪ್ತ ಪ್ರಶ್ನೆಗೆ ಉತ್ತರ ಹೇಳಿ. ನಿಮಗಿಷ್ಟವಾದ ಬಣ್ಣ?"

"ನೀಲಿ."

"ತಪ್ಪು."

ಗುಪ್ತ ಪ್ರಶ್ನೆಗೆ ನಿಜವಾದ ಉತ್ತರ ಕೊಡಲೇಬಾರದೆಂದು ನಿಯಮ ಬರೆದವರೂ ಅವರೇ. ಯಾವ ಸುಳ್ಳು ಬರೆದಿದ್ದರೋ ದೇವರೇ ಬಲ್ಲ.

"ಹಸಿರು?"

"ಇನ್ನೊಂದ್ಸಲ ತಪ್ಪಾದ್ರೆ ಖಾತೆ ಲಾಕ್ ಆಗುತ್ತೆ ಸರ್."

"ನಾನೇ ಲಾಕ್ ಆಗಿದೀನಲ್ಲಮ್ಮ" ಎಂದು ಕೆಮ್ಮುತ್ತ ಗೋಗರೆದರು.

ಪುಣ್ಯಕ್ಕೆ, ಕೈಚೀಲ ಮರೆತ ಅತ್ತೆ ಅರ್ಧ ದಾರಿಯಿಂದ ಒಬ್ಬರೇ ವಾಪಸು ಬಂದಿದ್ದರು. ಒಲೆ ಆರಿಸಿ, ಕೋಣೆಯೊಳಗಿನ ಕೆಮ್ಮು ಕೇಳಿ, ಮುಡಿಯಿಂದ ಪಿನ್ನು ತೆಗೆದು ಬೀಗಕ್ಕೆ ತೂರಿಸಿದರು. ಉಸಿರು ಬಿಡುವಷ್ಟರಲ್ಲಿ ಬಾಗಿಲು ತೆರೆಯಿತು.

"ಅಳಿಯಂದಿರೇ, ಪಾತ್ರೆ ಇದ್ದಿಲಾಗಿದೆ. ನೀವು ಇಲ್ಲಿ ಯಾರ ಹತ್ರ ಬಣ್ಣದ ಮಾತಾಡ್ತಿದೀರಿ?"

ಅಷ್ಟರಲ್ಲೇ ಸ್ಪೀಕರು ವಿಷಾದದಿಂದ ಹೇಳಿತು: "ಕೋಣೆಗೆ ಬೇರೆಯವರು ಬಂದಿದ್ರಿಂದ ಪರೀಕ್ಷೆ ರದ್ದಾಗಿದೆ ಸರ್. ಹೊಗೆ ಇದ್ದಿದ್ರಿಂದ ಇನ್ನೊಂದು ದಿನಾಂಕ ಕೊಡ್ತೀವಿ."

ಸೋಮವಾರ ಮ್ಯಾನೇಜರು ಕರೆದರು. ಸಹಾಯವಾಣಿಯ ಕರೆ ರೆಕಾರ್ಡ್ ಆಗಿತ್ತು; ಅವರು ಅದನ್ನು ಎರಡು ಸಲ ಕೇಳಿದ್ದರಂತೆ.

"ಮುಂದಿನ ಪರೀಕ್ಷೆವರೆಗೂ ಕುರ್ಚಿಯಲ್ಲಿ ಕೂತಿರಿ" ಎಂದು ನಗು ನುಂಗಿಕೊಂಡು ಒಂದು ದಪ್ಪ ಕಾಗದವನ್ನು ಮುಂದೆ ತಳ್ಳಿದರು. "ಸದ್ಯಕ್ಕೆ ಇಲ್ಲೊಂದು ಸಹಿ ಹಾಕಿ."

ಸಂಜೆ ಹೆಂಡತಿ ಪಾತ್ರೆಯ ತಳ ಕೆರೆಯುತ್ತಲೇ ಕೇಳಿದಳು. "ಅಂತೂ ಸರ್ಟಿಫಿಕೇಟಿನ ಕಥೆ ಏನಾಯ್ತು ರೀ?"

"ಬಂತು" ಎಂದರು ಸಾಹೇಬರು. "ಒತ್ತಡಕ್ಕೆ ಮಣಿಯದೆ ನಿಯಮ ಪಾಲಿಸಿದ್ದಕ್ಕೆ, ಆ ಸಹಾಯವಾಣಿ ಹುಡುಗಿಗೆ. ನಾನೇ ಸಹಿ ಹಾಕಿ, ಕೈ ಕುಲುಕಿ, ಫೋಟೋ ತೆಗೆಸ್ಕೊಂಡು ಬಂದೆ."