ಗೋಡೆಯೊಳಗಿನ ನಿಟ್ಟುಸಿರು

ಎಲ್ಲಕ್ಕೂ ಕಾರಣ ಮೋಡಣ್ಣನ ಹೆಂಡತಿಯ ತಮ್ಮ ಊಟದ ನಡುವೆ ಉದುರಿಸಿದ ಒಂದು ಮಾತು.

"ಕೊಳ್ಳೋ ಮುಂಚೆ ಮನೆ ಪರೀಕ್ಷೆ ಮಾಡಿಸಿ ಭಾವ. ನಿಮ್ಮ ಕಣ್ಣನ್ನ ನಂಬಿದ್ರೆ, ಗೋಡೆ ಬಿದ್ದಮೇಲೂ ಗಾಳಿ ಚೆನ್ನಾಗಿ ಬರುತ್ತೆ ಅಂತೀರ."

ಭಾವ ಮುದ್ರಣಾಲಯದಲ್ಲಿ ಕರಡು ತಿದ್ದುವವ. ತಲೆ ಸದಾ ಮೋಡದಲ್ಲೇ ಅಂತ ಅಲ್ಲಿ ಎಲ್ಲರೂ ಅವನಿಗೆ ಇಟ್ಟ ಹೆಸರು ಮೋಡಣ್ಣ. ಬೇರೆಯವರ ವಾಕ್ಯದಲ್ಲಿ ಬಿಟ್ಟುಹೋದ ಅಲ್ಪವಿರಾಮ ಅವನಿಗೆ ಕಾಣುತ್ತಿತ್ತು. ಎದುರಿಗೆ ಬರುವ ಬಸ್ಸು ಕಾಣುತ್ತಿರಲಿಲ್ಲ. ಔಷಧಿ ಅಂಗಡಿಯವನೊಬ್ಬ ಮಾರಲಿಟ್ಟಿದ್ದ ಆ ಮನೆಯನ್ನು ಒಮ್ಮೆ ನೋಡಿದ್ದೇ ತಡ, ಮನಸ್ಸಿನಲ್ಲೇ ಸಾಮಾನು ಸಾಗಿಸಿಬಿಟ್ಟಿದ್ದ. ಬಾಡಿಗೆ ಮನೆಗಳನ್ನು ಬದಲಿಸಿ ಬದಲಿಸಿ ಮಗಳ ಪುಸ್ತಕಗಳು ರಟ್ಟಿನ ಪೆಟ್ಟಿಗೆ ಬಿಟ್ಟು ಹೊರಬಂದೇ ಇರಲಿಲ್ಲ. ಇಲ್ಲಿ ಅವು ಮೆಟ್ಟಿಲ ಪಕ್ಕದ ಗೂಡಿನಲ್ಲಿ ಸಾಲಾಗಿ ನಿಂತಿದ್ದವು; ಬಿಸಿಲು ಅವುಗಳ ಬೆನ್ನು ಸವರುತ್ತಿತ್ತು. ಮಹಡಿಯಲ್ಲಿ ಹೆಂಡತಿ ಕೂದಲು ಒಣಗಿಸುತ್ತ ಗುನುಗುತ್ತಿದ್ದಳು. ನಿಜಕ್ಕೂ ಗೂಡಿನಲ್ಲಿದ್ದದ್ದು ಒಂದು ಒಡೆದ ಬಕೆಟ್ಟು.

ರಜೆಯ ದಿನ, ಮೋಡಣ್ಣ ದುಡ್ಡು ಕೊಟ್ಟು ಗೊತ್ತುಮಾಡಿದ ಪರೀಕ್ಷಕ ಬಂದ. ಟಾರ್ಚು, ಪುಟ್ಟ ಸುತ್ತಿಗೆ, ತೇವ ಅಳೆಯುವ ಯಂತ್ರ. ಗೋಡೆಗೆ ಕಿವಿಯಿಟ್ಟು, ಕೆಮ್ಮುವ ರೋಗಿಯ ಬೆನ್ನು ತಟ್ಟುವಂತೆ ತಟ್ಟುತ್ತ ಹೋದ. ಮೋಡಣ್ಣ ಹಿಂದೆ ಹಿಂದೆ ತೇಲಿದ. ಮನೆಯ ಮಾಲೀಕ ಉಗುರು ಕಚ್ಚುತ್ತ ನಡೆದ.

"ಅಡಿಪಾಯ ಗಟ್ಟಿ, ಸೂರು ಗಟ್ಟಿ. ಒಂದು ನಲ್ಲಿ ತೊಟ್ಟಿಕ್ಕುತ್ತೆ, ಅಷ್ಟೇ. ಧೈರ್ಯವಾಗಿ ತಗೊಳ್ಳಿ," ಎಂದ ಪರೀಕ್ಷಕ.

ಮೋಡಣ್ಣ ಅಷ್ಟಕ್ಕೇ ಹೊರಟುಬಿಟ್ಟಿದ್ದರೆ ಕತೆ ಇರುತ್ತಿರಲಿಲ್ಲ, ಮನೆ ಇರುತ್ತಿತ್ತು.

ಕಾಂಪೌಂಡಿನ ಆಚೆ ಪಕ್ಕದ ಮನೆಯಾಕೆ ಬಟ್ಟೆ ಹಿಂಡುತ್ತಿದ್ದಳು. "ಏನಣ್ಣಾ, ನೀವೇನಾ ತಗೊಳ್ಳೋರು?"

"ಹೌದಕ್ಕಾ."

"ಆ ಮನೆ ನರಳುತ್ತೆ, ಗೊತ್ತಾ?"

"ಮನೆ ನರಳುತ್ತಾ?"

"ಗಾಳಿ ಬೀಸಿದ್ರೆ ಸಾಕು. ಅಡಿಪಾಯ ಕುಸೀತಿದೆ ಅಂತ ಹೆದರಿ ಈ ಮಾಲೀಕರ ಹೆಂಡ್ತಿ ತನ್ನ ಅಕ್ಕನ ಮನೆ ಸೇರಿದ್ದಾಳೆ. ಇದನ್ನ ಮಾರೋವರೆಗೂ ಬರಲ್ವಂತೆ. ನಂಗ್ಯಾಕಪ್ಪ ಬೇರೆಯವರ ಉಸಾಬರಿ," ಎಂದು ಕಾಂಪೌಂಡಿನ ಮೇಲೆ ಮೊಣಕೈ ಊರಿ ಆರಾಮಾಗಿ ನಿಂತಳು.

"ಏನೂ ಇಲ್ಲ ಸಾರ್! ನಮ್ಮನೆಯವಳ ಕಿವಿ ಸ್ವಲ್ಪ ಸೂಕ್ಷ್ಮ," ಎಂದು ಹಿಂದೆಯೇ ಓಡಿಬಂದ ಮಾಲೀಕ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಗಾಳಿ ಬೀಸಿತು. ಗೋಡೆಯೊಳಗಿಂದ, ನಿದ್ದೆಯಲ್ಲಿ ಯಾರೋ ಮಗ್ಗುಲು ಬದಲಿಸಿದಂತೆ, ಉದ್ದನೆಯ ಒಂದು ನಿಟ್ಟುಸಿರು ಬಂತು.

ಬೇರೆ ಯಾರಾದರೂ ಓಡುತ್ತಿದ್ದರು. ಮೋಡಣ್ಣನಿಗೆ ಮನೆ ತನ್ನನ್ನೇ ಕರೆಯುತ್ತಿದೆ ಅನ್ನಿಸಿತು. ಆದರೆ ಭಾವಮೈದುನನ ಮಾತು ನೆನಪಾಗಿ ಹಠ ಹಿಡಿದ. "ಅದೇನೂಂತ ನೋಡ್ಲೇಬೇಕು."

"ಬೇಡ ಬಿಡಿ ಸಾರ್, ಸುಮ್ನೆ ಯಾಕೆ," ಎಂದು ಮಾಲೀಕ ಗೋಗರೆದ.

ಮೋಡಣ್ಣ ಕೇಳಲಿಲ್ಲ. ಗೋಡೆಗೆ ಕೆನ್ನೆಯುಜ್ಜುತ್ತ ಸದ್ದಿನ ಜಾಡು ಹಿಡಿದ. ಅರ್ಧ ಮುಖಕ್ಕೆ ಸುಣ್ಣ ಮೆತ್ತಿತು. ಅಡುಗೆಮನೆಯ ಕಪಾಟಿನೊಳಗೆ ತಲೆ ತೂರಿಸಿದಾಗ ಪಾತ್ರೆಗಳೆಲ್ಲ ಹೆಗಲ ಮೇಲೆ ಉರುಳಿದವು. "ಇಲ್ಲೇ ಸಾರ್! ಮೇಲಕ್ಕೆ ಹೋಗ್ತಿದೆ!" ಎಂದು ಕಪಾಟಿನೊಳಗಿಂದಲೇ ಕೂಗಿದ.

ಪರೀಕ್ಷಕನೂ ಅವನೂ ಮಹಡಿ ಹತ್ತಿದರು. ಯಾವಾಗಲೋ ಬಳಕೆ ತಪ್ಪಿದ ಹೊಗೆ ಕೊಳವೆಯೊಂದು ಅಲ್ಲಿ ಬಾಯಿ ತೆರೆದು ನಿಂತಿತ್ತು. ಪರೀಕ್ಷಕ ಅಂಗೈ ಇಟ್ಟ, ಮನೆ ಸುಮ್ಮನಾಯಿತು. ಕೈ ತೆಗೆದ; ಮನೆ ನಿಟ್ಟುಸಿರಿಟ್ಟಿತು.

"ಖಾಲಿ ಬಾಟಲಿ ಬಾಯಿಗೆ ಊದಿದ ಹಾಗೆ," ಎಂದು ನಕ್ಕ.

ಮೋಡಣ್ಣನ ಕಾಲು ನೆಲದ ಮೇಲಿರಲಿಲ್ಲ. ಅಂಗಳದಲ್ಲಿ ನಿಂತಿದ್ದ ಮಾಲೀಕನಿಗೆ ಮೇಲಿನಿಂದಲೇ ಸಾರಿದ. "ಬರೀ ಗಾಳಿ ಸಾರ್! ಒಂದು ಮುಚ್ಚಳ ಹಾಕಿದ್ರೆ ಮುಗೀತು! ಇನ್ನು ನೂರು ವರ್ಷ ಅಲ್ಲಾಡಲ್ಲ ಈ ಮನೆ!"

"ಒಂದು ಮುಚ್ಚಳಾನಾ?"

"ಒಂದೇ ಒಂದು!"

ಮಾಲೀಕ ಮನೆಯನ್ನು ಹೊಸದಾಗಿ ನೋಡುವವನಂತೆ ನೋಡುತ್ತ ನಿಂತ. ಇವರು ಇಳಿದು ಬರುವಷ್ಟರಲ್ಲಿ ಫೋನು ಅವನ ಕಿವಿಯಲ್ಲಿತ್ತು.

"ಲೇ, ಹೊರಟು ಬಾರೇ. ಅಡಿಪಾಯ ಗಟ್ಟಿಯಂತೆ, ಸೂರು ಗಟ್ಟಿಯಂತೆ. ಬರೀ ಗಾಳಿಯಂತೆ ಕಣೇ... ಇನ್ನು ಯಾಕೆ ಮಾರೋದು?... ನಾನಲ್ಲ, ಯಾರೋ ಪುಣ್ಯಾತ್ಮರು ಅವರ ಖರ್ಚಲ್ಲೇ ನೋಡಿಸಿಕೊಟ್ರು."

ಪಕ್ಕದ ಮನೆಯಾಕೆ ಕೇಳದೆಯೇ ಏಣಿಯೊಂದನ್ನು ಕಾಂಪೌಂಡಿನಿಂದ ಈಚೆ ದಾಟಿಸಿದಳು. ಮಾಲೀಕ ಅದನ್ನು ಗೇಟಿನ ಕಂಬಕ್ಕೆ ಒರಗಿಸಿ ಎರಡು ಮೆಟ್ಟಿಲು ಹತ್ತಿದ.

"ಸಾರ್, ಅಲುಗಾಡ್ತಿದೆ. ಸ್ವಲ್ಪ ಹಿಡ್ಕೊಳ್ತೀರಾ?"

ಮೋಡಣ್ಣ ಹಿಡಿದುಕೊಂಡ. ಮೇಲಿನಿಂದ 'ಮನೆ ಮಾರಾಟಕ್ಕಿದೆ' ಬೋರ್ಡು ಇಳಿದು ಬಂದು ಅವನ ತೋಳು ಸೇರಿತು.