ನಮ್ಮ ಕೂಸು ದಡ್ಡಿ ಅಂತ ಹೇಳ್ರಿ

ಶಾಣ್ಯಾ ಕೂಸು ಇರುವ ಮನೆಯಲ್ಲಿ ನಗೆಗೆ ಬರ ಇರುವುದಿಲ್ಲ. ಕೂಸು ಒಂದೇ ಶಾಣ್ಯಾ, ಉಳಿದವರೆಲ್ಲ ನಮ್ಮಂಥವರೇ ಅಲ್ಲವೇ? ಎಪ್ಪತ್ತರ ದಶಕದಲ್ಲಿ ಹಾನಗಲ್ಲ ಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮಗಳು ಆಗ ಸಾಲಿಯಲ್ಲಿ ಮೂರನೆಯ ಇಯತ್ತೆ. ಈಗ ಆ ಅಂಗಡಿಯೂ ಇಲ್ಲ, ತಕ್ಕಡಿಯೂ ಇಲ್ಲ. ನೆನಪಿಗೆ ಬಾಡಿಗೆ ಕಟ್ಟಬೇಕಿಲ್ಲ, ಹಾಗಾಗಿ ಅದನ್ನಷ್ಟೇ ಇಟ್ಟುಕೊಂಡಿದ್ದೇನೆ.

ಮಾಸ್ತರರ ತ್ರಾಸು

ಒಂದು ಸಂಜೆ ಸಾಲಿ ಮಾಸ್ತರರು ಅಂಗಡಿಗೆ ಬಂದರು. ಬೆಲ್ಲಕ್ಕೆ ಬಂದಿರಬೇಕೆಂದು ಎದ್ದೆ.

"ಕುಂದರ್ರಿ ಸಾವ್ಕಾರ್ರ, ಮಗಳ ಸಲುವಾಗಿ ಬಂದೇನಿ."

"ಏನ್ ಮಾಡ್ಯಾಳ್ರಿ?"

"ನಾ ಹಲಗಿ ಮ್ಯಾಲೆ ಲೆಕ್ಕ ಬರದು ಮುಗಿಸೂದ್ರಾಗ ಉತ್ತರ ಹೇಳಿ, ಕಿಡಕ್ಯಾಗ ನೋಡ್ಕೋತ ಕುಂದರ್ತಾಳ. ಬ್ಯಾಸರಾಗಿ ಸಾಲೀನ ಬಿಟ್ಟಾಳು ಅಂತ ನನಗ ಅಂಜಿಕಿ. ಬರೂ ವರ್ಷ ನಾಲ್ಕು ಬಿಟ್ಟು ಐದಕ್ಕ ಏರಿಸೂನು. ಇನ್‌ಸ್ಪೆಕ್ಟರ್ ಸಾಹೇಬ್ರು ಒಪ್ಪಬೇಕು, ಅಷ್ಟ."

"ಅಲ್ಲೀಮಟ?"

"ಎರಡನೇ ಇಯತ್ತೆ ಹುಡುಗ್ರಿಗೆ ಮಗ್ಗಿ ಹೇಳಿಕೊಡಾಕ ಹಚ್ಚಿದ್ದೆ. ಅದನ್ನೂ ಬಿಡಿಸೇನಿ."

"ಯಾಕ್ರಿ, ಬರಲಿಲ್ಲೇನು ಅಕಿಗೆ?"

"ಬಂತ್ರಿ! ನಿನ್ನೆ ನಾ ವರ್ಗದಾಗ ಹೋದ್ರ, 'ನೀವ್ಯಾಕ ಬಂದ್ರಿ ಸರ್, ಸಣ್ಣ ಅಕ್ಕೋರು ಬರಂಗಿಲ್ಲೇನು?' ಅಂತ ಕೇಳಿದ್ವು!"

ರದ್ದಿಯೊಳಗಿನ ಕಳ್ಳ

ಮನೆಯಲ್ಲಿ ಓದಲು ಏನಾದರೂ ಕೊಡಿ ಎಂದು ಮಾಸ್ತರರು ಹೇಳಿಹೋದರು. ಪುಸ್ತಕ ಎಲ್ಲಿಂದ ತರಲಿ? ನಮ್ಮಲ್ಲಿದ್ದದ್ದು ಪೊಟ್ಟಣ ಕಟ್ಟುವ ರದ್ದಿ. ಮಗಳು ಅದರಲ್ಲೇ ಕೂತಳು. ತಾನು ಓದದ ಹಾಳೆ ಹರಿಯಬಾರದೆಂದು ನನಗೇ ಕಾಯಿದೆ ಹಾಕಿದಳು.

ಸವಣೂರಿನಿಂದ ವೀಳ್ಯದೆಲೆ ತರುವ ಚಾಚಾ ಒಬ್ಬರಿದ್ದರು. ಅವರ ಸಕ್ಕರೆ ತಕ್ಕಡಿಯಲ್ಲಿತ್ತು, ಕಟ್ಟುವ ಹಾಳೆ ಮಗಳ ಕೈಯಲ್ಲಿತ್ತು.

"ತಡೀರಿ ಚಾಚಾ, ಕಳ್ಳ ಈಗರ ಬಾವ್ಯಾಗ ಇಳದಾನ."

ಚಾಚಾ ಬುಟ್ಟಿ ಇಳಿಸಿ ಕೂತರು. ಮಗಳು ಹಾಳೆಯಲ್ಲಿದ್ದ ಕತೆಯನ್ನು ಗಟ್ಟಿಯಾಗಿ ಓದಿದಳು. ಮುಂದಿನ ವಾರ ಬಂದವರೇ, "ಬೇಟಿ, ಕಳ್ಳ ಸಿಕ್ಕನೇನು?" ಎಂದರು.

"ಗೊತ್ತಿಲ್ಲ ಚಾಚಾ. ಮುಂದಿನ ಹಾಳ್ಯಾಗ, ನಾ ಸಾಲಿಗೆ ಹೋದಾಗ, ಅಪ್ಪ ತಡಸ ಊರಿನ ಗಿರಾಕಿಗೆ ಮೆಣಸಿನಕಾಯಿ ಕಟ್ಟಿಕೊಟ್ಟಾನ."

ಚಾಚಾ ನನ್ನತ್ತ ತಿರುಗಿದರು: "ಏನ್ ಮಂದೀರಿ ಸಾವ್ಕಾರ್ ನೀವು! ಹಿಡಿ ಮೆಣಸಿನಕಾಯಿ ಸಲುವಾಗಿ ಒಬ್ಬ ಮನಶಾನ್ನ ಬಾವ್ಯಾಗ ಬಿಟ್ಟು ಕುಂತೀರಲ್ಲ!"

ಅವ್ವನ ತಾಲೀಮು

ಮಗಳು ಒಂದು ವರ್ಗ ಹಾರುತ್ತಾಳೆಂಬ ಸುದ್ದಿ ಓಣಿಗೆಲ್ಲ ಹಬ್ಬಿತು. ನಮ್ಮವ್ವನಿಗೆ ದೃಷ್ಟಿಯ ಭಯ. ಹೊಗಳಿದರೆ ಕೂಸು ಬಾಡುತ್ತದೆಂದು ಮನೆಮನೆಗೆ ಹೋಗಿ ತಾಕೀತು ಮಾಡಿದಳು: "ಯಾರರ ಕೇಳಿದ್ರ ನಮ್ಮ ಕೂಸು ದಡ್ಡಿ ಅಂತ ಹೇಳ್ರಿ." ಎದುರಿನ ಟೇಲರ್ ಅಂತೂ ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ಮಗಳಿಗೂ ತಾಲೀಮು ಆಯಿತು.

"ನಿನಗ ಏನೇನ್ ಬರ್ತೈತಿ ಅಂತ ಕೇಳಿದ್ರ ಏನಂತಿ?"

"ಏನೂ ಬರಂಗಿಲ್ಲ ಅಂತೇನಿ."

ಅವ್ವ ಹಿಗ್ಗಿ ನನ್ನನ್ನು ಕರೆದಳು: "ನೋಡೋ, ಒಮ್ಮೆ ಹೇಳಿಕೊಟ್ಟೆ, ಎಷ್ಟ ಲಗೂ ಕಲ್ತಳು!"

ಸಾಹೇಬರ ಬೂಟು

ಇನ್‌ಸ್ಪೆಕ್ಟರ್ ಸಾಹೇಬರು ಸಾಲಿಗೆ ಬಂದು, "ಏನೇನ್ ಬರ್ತೈತವಾ ನಿನಗ?" ಎಂದರೆ ಮಗಳು, "ಏನೂ ಬರಂಗಿಲ್ರಿ" ಎಂದುಬಿಟ್ಟಳು. ಮಾಸ್ತರರು ಬೆವತು, ಮನೆಯವರನ್ನಾದರೂ ಕೇಳಿ ಎಂದು ಇಬ್ಬರನ್ನೂ ಅಂಗಡಿಗೆ ಕರೆತಂದರು.

ನಾನು ಬಾಯಿ ತೆರೆಯುವ ಮೊದಲೇ ಟೇಲರ್ ಕತ್ತರಿ ಹಿಡಿದೇ ಓಡಿಬಂದ. "ಅಕೀನ್ರಿ? ಶುದ್ಧ ದಡ್ಡಿರಿ!"

ಒಳಗಿನಿಂದ ಅವ್ವ: "ಖರೆ ಐತ್ರಿ ಸಾಹೇಬ್ರ. ಕಲ್ಲಿಗಿ ತಿಳೀತೈತಿ, ಅದಕ್ಕ ತಿಳಿಯಂಗಿಲ್ಲ."

ಸಾಹೇಬರು ಪೆನ್ನು ಕಿಸೆಗೆ ಸಿಗಿಸಿದರು. "ಹಂಗಾರ ಮುಗೀತು ಮಾಸ್ತರ್. ಇಂಥಾ ದಡ್ಡಿನ್ನ ಐದಕ್ಕ ಹ್ಯಾಂಗ ಹಾಕೂದು?"

ಮಗಳ ಕಣ್ಣಲ್ಲಿ ನೀರು. ಅವ್ವ ಸೆರಗು ಸಿಗಿಸಿಕೊಂಡು ಹೊರಗೆ ಬಂದಳು.

"ಯಾರಿಗಿ ದಡ್ಡಿ ಅಂತೀರಿ? ನಾವು ಅಂದ್ರ ನೀವೂ ಅನ್ನೂದೇನು? ಕೇಳ್ರಿ ಅಕಿನ್ನ, ಏನ್ ಬೇಕಾದ್ದು ಕೇಳ್ರಿ!"

ಸಾಹೇಬರು ಕೇಳಿದರು. ಮೂರನೆಯ ಇಯತ್ತೆಯದು, ಐದರದು, ಆಮೇಲೆ ಹಟಕ್ಕೆ ಬಿದ್ದು ಏಳರದು. ಮಗಳು ನಿಂತಲ್ಲೇ ಉತ್ತರ ಹೇಳಿದಳು. ಟೇಲರ್ ಕತ್ತರಿ ಹಿಡಿದೇ ತನ್ನ ಅಂಗಡಿಗೆ ಹಿಂತಿರುಗಿದ.

"ಶಾಬಾಸ್! ಇಂಥಾ ಶಾಣ್ಯಾ ಹುಡುಗಿನ್ನ ನಾ ಎಲ್ಲೂ ನೋಡಿಲ್ಲ," ಎಂದರು ಸಾಹೇಬರು. "ಐದಕ್ಕ ಕುಂದ್ರಸ್ರಿ ಮಾಸ್ತರ್!"

ಅವ್ವ ಥಟ್ಟನೆ ಅವರ ಕಾಲ ಬುಡಕ್ಕೆ ಬಾಗಿದಳು. ಸಾಹೇಬರು ಗಾಬರಿಯಾಗಿ ಹಿಂದೆ ಸರಿದರು. "ಬ್ಯಾಡ ತಾಯಿ, ದೊಡ್ಡಾವ್ರು ನೀವು, ನನ್ನ ಕಾಲಿಗೆ ಬೀಳಬಾರ್ದು!"

"ಯಾರು ಬೀಳಾಕತ್ತಾರ? ನಿಮ್ಮ ದೃಷ್ಟಿ ತಗದು ಒಗೀಬೇಕು, ಕಾಲಡಿ ಮಣ್ಣು ಬೇಕು. ಎತ್ರಿ ಬೂಟು!"

ಸಾಹೇಬರು ಮಾಸ್ತರರ ಹೆಗಲು ಹಿಡಿದು ಒಂಟಿಗಾಲಲ್ಲಿ ನಿಂತರು. ಅವ್ವ ಚಿಟಿಕೆ ಮಣ್ಣು ತೆಗೆದುಕೊಂಡು, "ಇನ್ನೊಂದು," ಎಂದಳು.

"ಒಂದು ಸಾಲಂಗಿಲ್ಲೇನ್ರಿ ತಾಯಿ?"

"ಎರಡೂ ಕಣ್ಣಿಲೆ ನೋಡೀರಲ್ಲ!"